ಕಾಕಾನ ತೂಕ, ನಮ್ಮ ಕಣ್ಣಳತೆ

ನಮ್ಮ ಕಡೆ ಯಾರನ್ನಾದರೂ ಸ್ವಲ್ಪ ದಿನ ಬಿಟ್ಟು ನೋಡಿದರೆ ಮೊದಲ ಮಾತು ಮೈ ಬಗ್ಗೆಯೇ. "ಯಾಕ್ರೀ, ಭಾಳ ಸೊರಗೀರಲ್ಲ?" ಇಲ್ಲವೇ "ಈಗ ಮೈ ಹಿಡದೀರಿ ನೋಡ್ರಿ, ಛಲೋ ಆತು." ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಿಕ್ಕರೂ ಇದೇ, ಗದಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೂ ಇದೇ. ಅಕ್ಕರೆಯಿಂದಲೇ ಕೇಳುತ್ತಾರೆ, ಕೆಟ್ಟ ಉದ್ದೇಶ ಏನೂ ಇರುವುದಿಲ್ಲ. ಆದರೆ ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದ ಮೇಲೆ ಈ ಮಾತುಗಳು ಮೊದಲಿನಂತೆ ಸುಮ್ನೆ ಬಂದು ಹೋಗುವುದಿಲ್ಲ. ಒಂದೊಂದೂ ಮನಸ್ಸಿನಲ್ಲಿ ಕೂರುತ್ತದೆ. ದಪ್ಪ ಇದ್ದರೆ ತಡೆದುಕೊಳ್ಳುತ್ತಾರಾ? ತೆಳ್ಳಗಿದ್ದರೆ ಆಪರೇಷನ್ ಸುಲಭವಾ? ಇಳಿದ ತೂಕ ಒಳ್ಳೆಯದಕ್ಕೋ, ಕೆಟ್ಟದ್ದಕ್ಕೋ? ನನ್ನ ಕಾಕಾಗೆ ಮೂತ್ರಕೋಶದ ಕ್ಯಾನ್ಸರ್ ಅಂತ ಗೊತ್ತಾದಾಗಿನಿಂದ ಈ ಪ್ರಶ್ನೆಗಳು ನನ್ನ ಬೆನ್ನು ಬಿಟ್ಟಿಲ್ಲ. ಸಿಕ್ಕ ಡಾಕ್ಟರನ್ನೆಲ್ಲ ಕೇಳಿದ್ದೇನೆ, ಕೈಗೆ ಸಿಕ್ಕ ವರದಿಗಳನ್ನೆಲ್ಲ ಓದಿದ್ದೇನೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಬಂತು. ಎಷ್ಟು ತೂಕ ಅನ್ನುವುದಕ್ಕಿಂತ ಆ ತೂಕ ಏನರದ್ದು, ಅದು ಯಾವ ಕಡೆ ಹೊರಟಿದೆ ಅನ್ನುವುದನ್ನು ನೋಡಬೇಕು. ಇದನ್ನು ನಮ್ಮ ಕಡೆಯ ಮನೆಗಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೆಟಗೇರಿಯ ಮದುವೆ

ಕಾಕಾ ಬೆಟಗೇರಿಯವರು. ನೇಕಾರರ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಕೆಲಸ ಮಾಡಿಕೊಂಡೇ ಮಕ್ಕಳನ್ನು ಓದಿಸಿದವರು. ಕುದಿಯುವ ಬಣ್ಣದ ನೀರಿನಲ್ಲಿ ನೂಲಿನ ಲಡಿ ಅದ್ದಿ, ತಿರುವಿ, ಎತ್ತಿ, ಹಿಂಡಿ ಒಣಗಿಸುವುದು. ಕೈಗವಸು ಅನ್ನುವುದನ್ನು ಆ ಕಾಲದಲ್ಲಿ ಅಲ್ಲಿ ಯಾರೂ ಕಂಡವರಲ್ಲ. ನಾವು ಸಣ್ಣವರಿದ್ದಾಗ ಕಾಕಾನ ಉಗುರಿನ ಬಣ್ಣ ನೋಡಿ ಆ ವಾರ ಯಾವ ಸೀರೆಯ ನೂಲು ಅಂತ ಹೇಳುತ್ತಿದ್ದೆವು. ಜೊತೆಗೆ ಬೀಡಿ, ದಿನಕ್ಕೆ ಒಂದು ಕಟ್ಟು. ಮೂತ್ರಕೋಶದ ಕ್ಯಾನ್ಸರಿಗೆ ತಂಬಾಕೇ ಎಲ್ಲಕ್ಕಿಂತ ದೊಡ್ಡ ಕಾರಣ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಅದರದ್ದೇ ಕೈವಾಡ. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಸೋಸಿ ಕೆಳಗೆ ಕಳಿಸುತ್ತದೆ, ಅಲ್ಲಿ ಅದು ಮೂತ್ರದ ಜೊತೆ ಗಂಟೆಗಟ್ಟಲೆ ನಿಂತಿರುತ್ತದೆ. ಬಣ್ಣದ ಕೆಲಸದ ನಂಟೂ ಹಳೆಯದೇ. 1895ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಸರ್ಜನ್ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೂಲಿಕಾರರಲ್ಲಿ ಮೂತ್ರಕೋಶದ ಗಡ್ಡೆಗಳನ್ನು ಕಂಡು ವರದಿ ಮಾಡಿದ್ದರು. ಈ ಕ್ಯಾನ್ಸರ್ ತರುವ ಬೆಂಜಿಡೀನ್ ಅನ್ನುವ ರಾಸಾಯನಿಕದಿಂದ ಮಾಡಿದ ಬಣ್ಣಗಳನ್ನು ನಮ್ಮ ದೇಶದಲ್ಲಿ ನಿಷೇಧಿಸಿದ್ದು 1990ರ ದಶಕದಲ್ಲಿ. ಅಷ್ಟರಲ್ಲಿ ಕಾಕಾನ ಅರ್ಧ ಆಯುಷ್ಯ ಆ ಕೆಲಸದಲ್ಲೇ ಕಳೆದಿತ್ತು.

ಕಾಕಾಗೆ ಸಕ್ಕರೆ ಕಾಯಿಲೆ ಬಂತು. ತೂಕ 74 ಕಿಲೋ ಇತ್ತು, ಎತ್ತರ 166 ಸೆಂಟಿಮೀಟರ್. ತೂಕ ಇಳಿಸಿ ಅಂದರು ಡಾಕ್ಟರು. ಕಾಕಾ ಶಿಸ್ತಿನ ಮನುಷ್ಯ. ಬೆಳಿಗ್ಗೆ ಎದ್ದು ಭೀಷ್ಮ ಕೆರೆ ಕಡೆ ವಾಕಿಂಗ್, ರಾತ್ರಿ ಅನ್ನ ಬಂದ್, ಚಹಾಕ್ಕೆ ಸಕ್ಕರೆ ಬಂದ್. ವರ್ಷದೊಳಗೆ 66ಕ್ಕೆ ಬಂದರು. ಆ ವರ್ಷವೇ ನಮ್ಮ ದೊಡ್ಡಪ್ಪನ ಮಗಳ ಮದುವೆ. ಮಂಟಪದಲ್ಲಿ ಎಲ್ಲರ ಬಾಯಲ್ಲೂ ಕಾಕಾನ ಮಾತೇ. "ಏನ್ರೀ, ಹೊಟ್ಟಿ ಪೂರಾ ಇಳದೈತಲ್ಲ! ಹತ್ತು ವರ್ಷ ಸಣ್ಣವರಾಗೀರಿ!" ಅಂತ ಅತ್ತೆಯಂದಿರು. "ನಮ್ಮ ಮನಿಯವರಿಗೂ ಒಂದೀಟು ಹೇಳ್ರಿ" ಅಂತ ಇನ್ನೊಬ್ಬರು. ಕಾಕಾ ಎಲೆ ಮುಂದೆ ಕೂತು ಹೋಳಿಗೆ ಬೇಡ ಅಂತ ಕೈ ಅಡ್ಡ ಹಿಡಿದದ್ದು, ಬಡಿಸುವವರು ಅದನ್ನೂ ಹೊಗಳಿದ್ದು ನನಗೆ ಚೆನ್ನಾಗಿ ನೆನಪಿದೆ.

ಆ ಮದುವೆಯ ಫೋಟೋಗಳು ಈಗಲೂ ಮನೆಯಲ್ಲಿವೆ. ಅಂಗಿಯ ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ. ಹಣೆಯ ಎರಡೂ ಪಕ್ಕ, ಕಣ್ಣಿನ ಹಿಂದೆ, ಒಳಕ್ಕೆ ಇಳಿದ ಗುಳಿ. ಹೊಟ್ಟೆ ಮಾತ್ರ, ಎಲ್ಲರೂ ಇಳಿದಿದೆ ಅಂದರಲ್ಲ, ಅಷ್ಟೇನೂ ಇಳಿದಿಲ್ಲ. ಹೋಗಿದ್ದು ಭುಜದ್ದು, ತೊಡೆಯದು, ಮುಖದ್ದು.

ಮದುವೆ ಆಗಿ ಸ್ವಲ್ಪ ದಿನಕ್ಕೆ ಮೂತ್ರದಲ್ಲಿ ರಕ್ತ ಕಂಡಿತು. ನೋವಿಲ್ಲ, ಉರಿ ಇಲ್ಲ. ಮರುದಿನ ತಾನಾಗಿ ನಿಂತಿತು. "ಉಷ್ಣ ಆಗಿರಬೇಕು" ಅಂತ ಜೀರಿಗೆ ನೀರು, ಮಜ್ಜಿಗೆ ಕುಡಿದರು. ಎರಡು ತಿಂಗಳು ಬಿಟ್ಟು ಮತ್ತೆ ಕಂಡಾಗ ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಹೇಳಿದರು. ಇದೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೋವಿಲ್ಲದೆ ಒಂದೇ ಒಂದು ಸಲ ಮೂತ್ರದಲ್ಲಿ ರಕ್ತ ಕಂಡರೂ ಯೂರಾಲಜಿ ಡಾಕ್ಟರ ಹತ್ತಿರ ಹೋಗಲೇಬೇಕು. ನಿಂತಿತು ಅಂದರೆ ವಾಸಿ ಆಯಿತು ಅಂತಲ್ಲ. ಬಂದು ನಿಲ್ಲುವುದೇ ಈ ಕಾಯಿಲೆಯ ರೀತಿ.

ಕಾಕಾನ 8 ಕಿಲೋದಲ್ಲಿ ವಾಕಿಂಗಿನ ಪಾಲೆಷ್ಟು, ಊಟ ಬಿಟ್ಟದ್ದರ ಪಾಲೆಷ್ಟು, ಕ್ಯಾನ್ಸರಿನ ಪಾಲೆಷ್ಟು ಅಂತ ಈಗ ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ. ಮೂರೂ ಸೇರಿವೆ. ಆದರೆ ಆರು ತಿಂಗಳಲ್ಲಿ ಮೈತೂಕದ ಶೇಕಡಾ 5ಕ್ಕಿಂತ ಜಾಸ್ತಿ, ಅಥವಾ ಇನ್ನೂ ಹೆಚ್ಚಿನ ಅವಧಿಯಲ್ಲಿ ಶೇಕಡಾ 10ಕ್ಕಿಂತ ಜಾಸ್ತಿ ತನ್ನಿಂದ ತಾನೇ ಇಳಿದರೆ ಅದನ್ನು ಪೋಷಣೆಯ ಕೊರತೆಯ ಲಕ್ಷಣ ಅಂತ ವೈದ್ಯರು ಹಿಡಿಯುತ್ತಾರೆ. 74ರಲ್ಲಿ 8 ಅಂದರೆ ಶೇಕಡಾ 10 ದಾಟಿತು. ವಾಕಿಂಗ್ ಮಾಡುತ್ತಿದ್ದಾರೆ ಅನ್ನುವ ಒಂದು ಕಾರಣ ಕಣ್ಣೆದುರಿಗೆ ಇತ್ತಲ್ಲ, ಇನ್ನೊಂದು ಕಾರಣ ಹುಡುಕಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ದಪ್ಪ ಇದ್ದವರೇ ಹೆಚ್ಚು ದಿನ ಬದುಕುತ್ತಾರಾ?

ಬೊಜ್ಜಿನಿಂದ ಈ ಕ್ಯಾನ್ಸರ್ ಬರುತ್ತದಾ ಅಂತ ಮೊದಲು ಹುಡುಕಿದೆ. ಬರುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ, ಶೇಕಡಾ 10ರ ಆಸುಪಾಸು ಅಷ್ಟೇ. ಬೀಡಿ ಸಿಗರೇಟು ಸೇದುವವರಿಗೆ ಸೇದದವರಿಗಿಂತ ಸುಮಾರು ಮೂರು ಪಟ್ಟು ಅಪಾಯ ಇರುವಾಗ ಇದು ಸಣ್ಣದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ಬೊಜ್ಜಿಗೂ ಕ್ಯಾನ್ಸರಿಗೂ ಗಟ್ಟಿ ಆಧಾರ ಇದೆ ಅಂತ 13 ಬಗೆಯ ಕ್ಯಾನ್ಸರ್‌ಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಕಿಡ್ನಿ ಇದೆ, ಮೂತ್ರಕೋಶ ಇಲ್ಲ. ಹಾಗಾಗಿ ತೂಕದ ಆಟ ಇರುವುದು ಕಾಯಿಲೆ ಬಂದ ಮೇಲೆ.

ಬಂದ ಮೇಲಿನ ಲೆಕ್ಕ ಕಾಯಿಲೆ ಎಷ್ಟು ಆಳಕ್ಕೆ ಇಳಿದಿದೆ ಅನ್ನುವುದರ ಮೇಲಿದೆ. ಗೊತ್ತಾಗುವ ಹೊತ್ತಿಗೆ ನಾಲ್ಕರಲ್ಲಿ ಮೂರು ಭಾಗ ರೋಗಿಗಳಲ್ಲಿ ಗಡ್ಡೆ ಮೂತ್ರಕೋಶದ ಒಳಪದರದಲ್ಲೇ ಇರುತ್ತದೆ. ಧಾರವಾಡದ ಸಪ್ತಾಪುರದಲ್ಲಿ ನಮಗೆ ಬೇಕಾದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ, ಅವರದ್ದು ಈ ಬಗೆ. ಗಡ್ಡೆಯನ್ನು ಕೆರೆದು ತೆಗೆದು, ವಾರಕ್ಕೊಂದರಂತೆ ಆರು ವಾರ ಬಿಸಿಜಿ ಔಷಧವನ್ನು ಮೂತ್ರಕೋಶದೊಳಗೆ ಬಿಟ್ಟರು. ಮಕ್ಕಳಿಗೆ ಟಿಬಿ ಬಾರದಿರಲಿ ಅಂತ ಹಾಕುವ ಅದೇ ಬಿಸಿಜಿ. ಮೂತ್ರಕೋಶದ ಕ್ಯಾನ್ಸರಿಗೂ ಅದು ಕೆಲಸ ಮಾಡುತ್ತದೆ ಅಂತ 1976ರಲ್ಲಿ ಆಲ್ವಾರೊ ಮೊರಾಲೆಸ್ ಅನ್ನುವ ಯೂರಾಲಜಿಸ್ಟ್ ತೋರಿಸಿಕೊಟ್ಟರು. ಮೇಷ್ಟ್ರದ್ದು ಭಾರಿ ಮೈಕಟ್ಟು, ಹೊಟ್ಟೆಯೂ ಇದೆ. ಇಂಥವರ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಬೊಜ್ಜಿರುವವರಲ್ಲಿ ಗಡ್ಡೆ ಮತ್ತೆ ಮತ್ತೆ ಹುಟ್ಟುವುದು ಜಾಸ್ತಿ ಅಂತ ಕಂಡಿದೆ. ಆದರೆ ಅದು ಆಳಕ್ಕೆ ಇಳಿಯುವುದಕ್ಕೂ ತೂಕಕ್ಕೂ ಅಷ್ಟು ಸ್ಪಷ್ಟವಾದ ನಂಟು ಕಂಡಿಲ್ಲ. ಮೇಷ್ಟ್ರಿಗೆ ನಿಧಾನವಾಗಿ ಹೊಟ್ಟೆ ಕರಗಿಸಿ, ಕಾಲಿನ ಕಸುವು ಉಳಿಸಿಕೊಳ್ಳಿ ಅಂತ ಹೇಳಿದ್ದಾರೆ. ಅವರ ಮಟ್ಟಿಗೆ ಅದು ಸರಿಯಾದ ಸಲಹೆ. ಆದರೆ ಅದೇ ಸಲಹೆಯನ್ನು ಅವರು ಫೋನಿನಲ್ಲಿ ಕಾಕಾಗೆ ದಾಟಿಸಿದರು ನೋಡಿ, ಅಲ್ಲಿ ತೊಂದರೆ ಶುರುವಾಯಿತು. ಕಾಯಿಲೆಯ ಹೆಸರು ಒಂದೇ ಆದರೂ ಇಬ್ಬರ ದಾರಿ ಬೇರೆ.

ಯಾಕೆಂದರೆ ಕಾಕಾನದು ಉಳಿದ ಕಾಲು ಭಾಗದ್ದು. ಗಡ್ಡೆ ಮೂತ್ರಕೋಶದ ಸ್ನಾಯುವಿನೊಳಗೆ ಇಳಿದಿತ್ತು. ಮೊದಲು ಕಿಮೋ, ಆಮೇಲೆ ಇಡೀ ಮೂತ್ರಕೋಶ ತೆಗೆಯುವ ದೊಡ್ಡ ಆಪರೇಷನ್. ಇಂಥ ರೋಗಿಗಳ ಅಧ್ಯಯನಗಳಲ್ಲಿ ವಿಚಿತ್ರ ಕಾಣಿಸುತ್ತದೆ. ಕೆಲವು ವರದಿಗಳಲ್ಲಿ ಬೊಜ್ಜಿದ್ದವರಿಗೆ ಫಲಿತಾಂಶ ಕೆಟ್ಟದು. ಇನ್ನು ಕೆಲವು ವರದಿಗಳಲ್ಲಿ ಸ್ವಲ್ಪ ದಪ್ಪ ಇದ್ದವರೇ ತೆಳ್ಳಗಿನವರಿಗಿಂತ ಹೆಚ್ಚು ಕಾಲ ಬದುಕಿದ್ದಾರೆ. ಇದನ್ನು ಓದಿದವರು "ದಪ್ಪ ಇದ್ದರೇ ಒಳ್ಳೇದಂತೆ" ಅಂತ ಹೇಳಿಬಿಡುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ತೆಳ್ಳಗಿನವರ ಗುಂಪಿನಲ್ಲಿ ಯಾರಿದ್ದಾರೆ ನೋಡಿ. ಜಾಸ್ತಿ ಬೀಡಿ ಸಿಗರೇಟು ಸೇದಿ ತೆಳ್ಳಗಾದವರು ಅಲ್ಲಿದ್ದಾರೆ. ಕ್ಯಾನ್ಸರಿನಿಂದಲೇ ಮೈ ಇಳಿದು ಆ ಗುಂಪಿಗೆ ಬಂದವರೂ ಅಲ್ಲಿದ್ದಾರೆ. ಅವರನ್ನೆಲ್ಲ ಸೇರಿಸಿ ತೆಳ್ಳಗಿನವರ ಸರಾಸರಿ ತೆಗೆದರೆ ಅದು ಕೆಳಗೇ ಬರುತ್ತದೆ. ಪಕ್ಕದಲ್ಲಿ ದಪ್ಪ ಇದ್ದವರು ಚೆನ್ನಾಗಿಯೇ ಕಾಣುತ್ತಾರೆ. ಅಲ್ಲಿ ಕೊಬ್ಬು ಕಾಪಾಡಿತು ಅಂತೇನಲ್ಲ. ಸೊರಗುವುದು ಎಷ್ಟು ಕೆಟ್ಟದ್ದು ಅನ್ನುವುದನ್ನು ಆ ಲೆಕ್ಕ ತೋರಿಸುತ್ತಿದೆ.

ಇನ್ನೊಂದು ಗೊಂದಲ ಬಿಎಂಐ. ಕಿಲೋದಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕ 1830ರ ದಶಕದ್ದು, ಬೆಲ್ಜಿಯಂನ ಕ್ವೆಟ್ಲೆ ಅನ್ನುವವರು ಜನಸಮೂಹವನ್ನು ಅಳೆಯಲು ಮಾಡಿದ್ದು. ಅವರು ಡಾಕ್ಟರೂ ಅಲ್ಲ. ಕಾಕಾನ ಬಿಎಂಐ ಸುಮಾರು 27ರಿಂದ 24ಕ್ಕೆ ಇಳಿದಿತ್ತು. ಭಾರತೀಯರಿಗೆ 23 ದಾಟಿದರೆ ತೂಕ ಹೆಚ್ಚು ಅಂತ ಲೆಕ್ಕ. ಅಂದರೆ ಅಷ್ಟು ಸೊರಗಿದ ಮೇಲೂ ಕಾಗದದ ಮೇಲೆ ಅವರು "ತೂಕ ಹೆಚ್ಚಿರುವ" ರೋಗಿಯೇ! ನಮ್ಮ ಮೈಗಳಲ್ಲಿ ಈ ಮೋಸ ಜಾಸ್ತಿ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾಕ್ಟರ್ ಯುಡ್ಕಿನ್ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರದ್ದೂ ಬಿಎಂಐ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್ ಅವರದ್ದು ಶೇಕಡಾ 9.1, ಯಾಜ್ಞಿಕ್ ಅವರದ್ದು 21.2. ಸಣ್ಣ ಕೈಕಾಲು, ಒಳಗೆ ಅವಿತ ಕೊಬ್ಬು, ಕಡಿಮೆ ಸ್ನಾಯು. ನಮ್ಮ ಓಣಿಯಲ್ಲಿ ಸುತ್ತ ನೋಡಿದರೆ ಇಂಥವರೇ ಕಾಣುತ್ತಾರೆ, ಅಲ್ವಾ?

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಬರೀ ಚೀಲದ ತೂಕ ನೋಡಿ ರೊಕ್ಕ ಎಣಿಸುವುದಿಲ್ಲ. ಚೀಲದೊಳಗೆ ಕೈ ಹಾಕಿ ಹಿಡಿಯಷ್ಟು ತೆಗೆದು, ಹಿಸುಕಿ, ಹಸಿ ಎಷ್ಟಿದೆ, ಹಣ್ಣು ಎಷ್ಟಿದೆ ಅಂತ ನೋಡುತ್ತಾರೆ. ಮನುಷ್ಯರ ತೂಕವನ್ನೂ ಹೀಗೆ ಒಳಗೆ ಕೈ ಹಾಕಿಯೇ ನೋಡಬೇಕು.

ಹೆಬ್ಬೆರಳಿನ ಪಕ್ಕದ ಗುಳಿ

ಹಾಗೆ ಕೈ ಹಾಕಿ ನೋಡಿದ ಒಬ್ಬ ಡಾಕ್ಟರಮ್ಮ ನಮಗೆ ಸಿಕ್ಕರು. ಹುಬ್ಬಳ್ಳಿಯಲ್ಲಿ, ಆಪರೇಷನ್ನಿಗೆ ಮೊದಲು ಅರಿವಳಿಕೆ ತಪಾಸಣೆಗೆ ಹೋದಾಗ. ವಯಸ್ಸು ಚಿಕ್ಕದು. ಫೈಲ್ ಪಕ್ಕಕ್ಕಿಟ್ಟು "ಕೈ ಕೊಡ್ರಿ ಅಜ್ಜಾರ" ಅಂದರು. ಕಾಕಾ ನಾಡಿ ನೋಡುತ್ತಾರೆ ಅಂತ ಅಂಗೈ ಮೇಲೆ ಮಾಡಿ ಚಾಚಿದರು. ಡಾಕ್ಟರಮ್ಮ ಕೈಯನ್ನು ಮಗುಚಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಒಂದಕ್ಕೊಂದು ಒತ್ತಿ ಹಿಡಿಯಲು ಹೇಳಿದರು. ಹಾಗೆ ಒತ್ತಿದಾಗ ಎರಡೂ ಬೆರಳ ನಡುವೆ ಕೈಯ ಮೇಲ್ಭಾಗದಲ್ಲಿ ಒಂದು ಮಾಂಸದ ಉಬ್ಬು ಏಳಬೇಕು. ನಿಮ್ಮ ಕೈಯಲ್ಲೇ ಮಾಡಿ ನೋಡಿ, ಏಳುತ್ತದೆ. ಕಾಕಾನ ಕೈಯಲ್ಲಿ ಏಳಲಿಲ್ಲ. ಅಲ್ಲಿ ಚರ್ಮ ಒಳಕ್ಕೆ ಇಳಿದು ಗುಳಿಯಾಗಿತ್ತು. ಡಾಕ್ಟರಮ್ಮ ತಮ್ಮ ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಒತ್ತಿ ನೋಡಿದರು. ದಶಕಗಟ್ಟಲೆ ಒದ್ದೆ ನೂಲು ಹಿಂಡಿದ ಕೈ ಅದು.

ಆಮೇಲೆ ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ ಮೊಬೈಲಿನಲ್ಲಿ ಸಮಯ ಹಿಡಿದರು. ಏಷ್ಯಾದವರಿಗೆ ಮಾಡಿಟ್ಟ ಅಳತೆಯಲ್ಲಿ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಸುವು ಕಡಿಮೆ ಅಂತ. ಕಾಕಾ ಮೂರನೆಯ ಸಲಕ್ಕೆ ತೊಡೆ ಹಿಡಿದುಕೊಂಡು ಎದ್ದರು. ಮೀನಖಂಡದ ಸುತ್ತಳತೆ ತೆಗೆದರು. ಗಂಡಸರಿಗೆ 34 ಸೆಂಟಿಮೀಟರ್, ಹೆಂಗಸರಿಗೆ 33ಕ್ಕಿಂತ ಕಡಿಮೆ ಇದ್ದರೆ ಸ್ನಾಯು ಕರಗಿರಬಹುದು ಅಂತ ಅನುಮಾನ ಪಡಬೇಕು. ಕಾಕಾನದು ಕಡಿಮೆಯೇ ಇತ್ತು. ಕಾಕು ಅದನ್ನು ನೋಡಿಟ್ಟುಕೊಂಡು, ಮನೆಯಲ್ಲಿ ಬ್ಲೌಸ್ ಅಳತೆಯ ಟೇಪಿನಿಂದ ವಾರಕ್ಕೊಮ್ಮೆ ಅಳೆದು ಕ್ಯಾಲೆಂಡರಿನ ಮೇಲೆ ಬರೆಯತೊಡಗಿದರು. ಡಾಕ್ಟರಮ್ಮ ಸಿಟಿ ಸ್ಕ್ಯಾನ್ ತೆರೆದು ಸೊಂಟದ ಮೂರನೆಯ ಮೂಳೆಯ ಮಟ್ಟದಲ್ಲಿ ಒಂದು ಅಡ್ಡ ಚಿತ್ರ ತೋರಿಸಿದರು. ಕ್ಯಾನ್ಸರ್ ನೋಡಲು ಮೊದಲೇ ತೆಗೆದ ಸ್ಕ್ಯಾನ್ ಅದು, ಬೇರೆ ಖರ್ಚಿಲ್ಲ. ಬೆನ್ನಿನ ಪಕ್ಕದ ಸ್ನಾಯು ಎಷ್ಟು ತೆಳುವಾಗಿದೆ, ಹೊಟ್ಟೆಯೊಳಗೆ ಕೊಬ್ಬು ಎಷ್ಟಿದೆ ಅಂತ ಬೆರಳಿಟ್ಟು ತೋರಿಸಿದರು. "ತೂಕ ಹೊಟ್ಟ್ಯಾಗ ಐತ್ರಿ, ಕಾಲಾಗ ಇಲ್ಲ" ಅಂದರು. ಅಷ್ಟು ದಿನದಲ್ಲಿ ನನ್ನ ಪ್ರಶ್ನೆಗೆ ಸಿಕ್ಕ ಮೊದಲ ನೇರ ಉತ್ತರ ಅದೇ.

ಇದು ಬರೀ ಚಿತ್ರದ ಮಾತಲ್ಲ. 2014ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಮೂತ್ರಕೋಶ ತೆಗೆಸಿಕೊಂಡ ಸುಮಾರು 200 ಮಂದಿಯ ಸ್ಕ್ಯಾನ್‌ಗಳನ್ನು ಹೀಗೆಯೇ ಅಳೆದರು. ಸ್ನಾಯು ಕರಗಿದವರಲ್ಲಿ ಐದು ವರ್ಷದ ನಂತರ ಕ್ಯಾನ್ಸರಿಗೆ ಬಲಿಯಾಗದೆ ಉಳಿದವರು ಶೇಕಡಾ 49, ಸ್ನಾಯು ಚೆನ್ನಾಗಿದ್ದವರಲ್ಲಿ ಶೇಕಡಾ 72. ಅದಕ್ಕೂ ಮೊದಲು, 2011ರಲ್ಲಿ, ಅಮೆರಿಕದ್ದೇ ಇನ್ನೊಂದು ಅಧ್ಯಯನ ಬಂದಿತ್ತು. ಆಪರೇಷನ್ನಿಗೆ ಮೊದಲೇ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಕಡಿಮೆ ಇದ್ದವರು, ಬಿಎಂಐ 18.5ಕ್ಕಿಂತ ಕೆಳಗಿದ್ದವರು, ಅಥವಾ ಶೇಕಡಾ 5ಕ್ಕಿಂತ ಜಾಸ್ತಿ ತೂಕ ಕಳೆದುಕೊಂಡವರು, ಇವರನ್ನೆಲ್ಲ ಒಂದು ಗುಂಪು ಮಾಡಿ ನೋಡಿದರು. ಆಪರೇಷನ್ ಆದ 90 ದಿನದೊಳಗೆ ಆ ಗುಂಪಿನಲ್ಲಿ ತೀರಿಕೊಂಡವರು ಶೇಕಡಾ 16.5. ಉಳಿದವರಲ್ಲಿ ಶೇಕಡಾ 5.1. ಈ ಅಂಕಿಯನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮೂರು ಪಟ್ಟು! ಹೌದು, ಕಾಯಿಲೆ ಜೋರಾಗಿದ್ದವರೇ ಹೆಚ್ಚು ಸೊರಗಿರುತ್ತಾರೆ, ಊಟ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಈ ಅಂಕಿ ಹೇಳುವುದಿಲ್ಲ. ಆದರೂ ಆಪರೇಷನ್ ಟೇಬಲ್ ಮೇಲೆ ಹತ್ತುವ ಮೊದಲು ನಮ್ಮ ಕೈಯಲ್ಲಿ ಕೆಲವು ವಾರಗಳಿದ್ದರೆ ಅವನ್ನು ಹಾಗೇ ಬಿಡುವುದು ಹೇಗೆ?

ತಕ್ಕಡಿಯನ್ನೂ ಕಾಯಬೇಕು

ಡಾಕ್ಟರಮ್ಮ ಸಿಗುವ ಮೊದಲು, ಕಿಮೋ ನಡೆಯುತ್ತಿದ್ದಾಗಿನ ಒಂದು ಮಾತು ಹೇಳಬೇಕು. ಸಿಸ್‌ಪ್ಲಾಟಿನ್ ಔಷಧದ ಪ್ರಮಾಣವನ್ನು ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಪ್ರತಿ ಸಲವೂ ತೂಕ ನೋಡಬೇಕು. ನಾವು ಹೋಗುತ್ತಿದ್ದ ಕಡೆ ಒಂದು ಸಲ ತೂಕವನ್ನೇ ನೋಡಲಿಲ್ಲ. ಜನ ತುಂಬಿತ್ತು, ಹಿಂದಿನ ಹಾಳೆಯಲ್ಲಿದ್ದ ಅಂಕಿಯನ್ನೇ ಇಳಿಸಿ ಬರೆದುಬಿಟ್ಟರು. ಕಾಕಾ ಆ ನಡುವೆ ವಾಂತಿಯಿಂದ ಹೈರಾಣಾಗಿದ್ದರು, ಗಂಜಿ ಬಿಟ್ಟರೆ ಏನೂ ಒಳಗೆ ಹೋಗುತ್ತಿರಲಿಲ್ಲ. ನಾನು ಮತ್ತೆ ತೂಕ ಮಾಡಿ ಅಂತ ಪಟ್ಟು ಹಿಡಿದೆ. "ಅಷ್ಟೇನ್ ಫರಕ್ ಬೀಳೂದಿಲ್ರೀ" ಅಂದರು. ಫರಕ್ ಬಿದ್ದಿತ್ತು. ಅದರ ಪ್ರಕಾರ ಡಾಕ್ಟರು ಡೋಸ್ ಮತ್ತೆ ಲೆಕ್ಕ ಹಾಕಿದರು. ಕೆಲಸದ ಒತ್ತಡ ನನಗೆ ಅರ್ಥವಾಗುತ್ತದೆ, ಆದರೆ ಒಂದು ನಿಮಿಷದ ಕೆಲಸ ಅದು, ಮತ್ತು ಅದರ ಮೇಲೆ ನಿಂತಿರುವುದು ವಿಷದಷ್ಟೇ ಜೋರಾದ ಔಷಧ. ದಪ್ಪ ಇರುವವರ ಕಡೆಯವರಿಗೂ ಇದು ಗೊತ್ತಿರಲಿ. ಮೊದಲೆಲ್ಲ ಮೈ ಭಾರ ಇದ್ದವರಿಗೆ ಅಡ್ಡ ಪರಿಣಾಮದ ಹೆದರಿಕೆಯಿಂದ ಡೋಸ್ ಕಡಿಮೆ ಮಾಡುತ್ತಿದ್ದರು. ಹಾಗೆ ಮಾಡಬೇಡಿ, ನಿಜವಾದ ತೂಕದ ಪ್ರಕಾರವೇ ಕೊಡಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2012ರಲ್ಲಿ ಸಲಹೆ ಕೊಟ್ಟಿತು. ಕಡಿಮೆ ಕೊಟ್ಟರೆ ಕ್ಯಾನ್ಸರಿಗೆ ತಾಗುವುದೂ ಕಡಿಮೆ.

ತಕ್ಕಡಿ ಕೆಲವೊಮ್ಮೆ ಸುಳ್ಳನ್ನೂ ಹೇಳುತ್ತದೆ. ಕಿಮೋ ದಿನ ಕಿಡ್ನಿ ಉಳಿಸಲು ಬಾಟಲಿಗಟ್ಟಲೆ ಸಲೈನ್ ಹಾಕುತ್ತಾರೆ. ಮರುದಿನ ತೂಕ ಏರಿರುತ್ತದೆ. ಆಲ್ಬುಮಿನ್ ಕಡಿಮೆಯಾಗಿ ಪಾದ ಬಾತರೂ ತೂಕ ಏರುತ್ತದೆ. ಮನೆಯವರು "ಎರಡು ಕಿಲೋ ಏರ್ಯಾವ" ಅಂತ ಸಂಭ್ರಮಪಡುತ್ತಾರೆ, ಅದು ಬರೀ ನೀರು. ಮೊಣಕಾಲ ಕೆಳಗೆ, ಎಲುಬಿನ ಮೇಲೆ ಬೆರಳಿನಿಂದ ಸ್ವಲ್ಪ ಹೊತ್ತು ಒತ್ತಿ ಬಿಟ್ಟಾಗ ತಗ್ಗು ಉಳಿದರೆ ತೂಕದ ಅಂಕಿಯನ್ನು ನಂಬಬೇಡಿ, ಡಾಕ್ಟರಿಗೆ ತೋರಿಸಿ.

ನೋಡಲು ಬಂದವರ ಪಥ್ಯ

ಇನ್ನು ಊಟ. ಕಾಕಾನನ್ನು ನೋಡಲು ಬಂದವರೆಲ್ಲ ಒಂದೊಂದು ಪದಾರ್ಥ ಬಿಡಿಸಿ ಹೋದರು. ಒಬ್ಬರು ಸಕ್ಕರೆ ಕ್ಯಾನ್ಸರಿಗೆ ಆಹಾರ ಅಂದರು. ಇನ್ನೊಬ್ಬರು ಹಾಲು ಮೊಸರು ಬೇಡ ಅಂದರು. ಕಾಳು ವಾಯು ಅಂದರು ಮತ್ತೊಬ್ಬರು. ಮೊಬೈಲಿನಲ್ಲಿ ಬಂದ ವಿಡಿಯೋ ನೋಡಿ ವಾರಕ್ಕೆರಡು ದಿನ ಉಪವಾಸ ಮಾಡಿಸಿ ಅಂದವರೂ ಇದ್ದಾರೆ. ಎಲ್ಲವನ್ನೂ ಪಾಲಿಸಿದರೆ ಕಾಕಾನ ತಟ್ಟೆಯಲ್ಲಿ ಉಳಿಯುವುದು ಸಪ್ಪೆ ಗಂಜಿ ಮಾತ್ರ. ಕಾಕಾ ನಂಬುವ ಮನುಷ್ಯ, ಸ್ವಲ್ಪ ದಿನ ಹಾಗೇ ಉಂಡರು ಕೂಡ. ಪ್ರೀತಿಯಿಂದ ಹೇಳಿದ ಮಾತಿನಿಂದಲೇ ಒಬ್ಬ ರೋಗಿ ಸೊರಗುವುದನ್ನು ನೋಡುವುದು ತುಂಬಾ ಕಷ್ಟ.

ಆಹಾರ ತಜ್ಞೆ ಕೊಟ್ಟ ಲೆಕ್ಕ ಬೇರೆಯೇ ಇತ್ತು. ಕ್ಯಾನ್ಸರ್ ರೋಗಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಆಗ ಕಾಕಾ 60 ಕಿಲೋದ ಹತ್ತಿರ ಇದ್ದರು. ಅಂದರೆ ದಿನಕ್ಕೆ 60ರಿಂದ 90 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. 100 ಗ್ರಾಂ ಜೋಳದ ಹಿಟ್ಟಿನಲ್ಲಿ 10 ಗ್ರಾಂ. ದಿನಕ್ಕೆರಡು ಗಂಜಿಯಿಂದ ಇದರ ಅರ್ಧವೂ ಆಗುವುದಿಲ್ಲ. ಸಂತೋಷ ಏನೆಂದರೆ ನಮ್ಮ ಅಡುಗೆ ಮನೆಯಲ್ಲೇ ಬೇಕಾದ್ದು ಇತ್ತು. ಹೊರಗಿನ ಪುಡಿ ಡಬ್ಬ ಕೊಳ್ಳುವ ಮೊದಲು ಕಾಕು ಮಡಕಿಕಾಳು ನೆನೆಸಿ ಮೊಳಕೆ ಬರಿಸಿ ಮೆತ್ತಗೆ ಬೇಯಿಸಿದರು, ಹೆಸರುಬೇಳೆಯನ್ನು ಗಟ್ಟಿಯಾಗಿ ಮಾಡಿದರು, ಶೇಂಗಾ ಹಿಂಡಿಗೆ ಖಾರ ಕಡಿಮೆ ಹಾಕಿ ಗಟ್ಟಿ ಮೊಸರಿನಲ್ಲಿ ಕಲಸಿಕೊಟ್ಟರು. ರೊಟ್ಟಿ ಜಗಿಯಲು ಆಗದ ದಿನ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕಿದರು. ಮೂರು ದೊಡ್ಡ ಊಟದ ಬದಲು ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಡಾಕ್ಟರೇ ಇದಕ್ಕೆ ಸರಿಯಾಗಿ ಬದಲಿಸಿದರು. ಒಂದು ಎಚ್ಚರಿಕೆ ಮಾತ್ರ ಇದೆ. ಗಡ್ಡೆ ಮೂತ್ರದ ದಾರಿಗೆ ಅಡ್ಡ ಬಂದು ಕಿಡ್ನಿ ಸೋತಿದ್ದರೆ ಪ್ರೋಟೀನ್ ಎಷ್ಟು ಅನ್ನುವುದನ್ನು ಡಾಕ್ಟರೇ ಹೇಳಬೇಕು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಿಪೋರ್ಟ್ ಹಿಡಿದುಕೊಂಡು ಹೋಗಿ ಕೇಳಿ.

ಊಟದ ಜೊತೆ ಕೆಲಸ ಇಲ್ಲದಿದ್ದರೆ ಸ್ನಾಯು ನಿಲ್ಲುವುದಿಲ್ಲ. ಆರೋಗ್ಯವಾಗಿದ್ದ ವಯಸ್ಸಾದವರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಒಂದು ಅಧ್ಯಯನ ಇದೆ, 2007ರದ್ದು. ಹತ್ತೇ ದಿನದಲ್ಲಿ ಕಾಲುಗಳಿಂದಲೇ ಒಂದು ಕಿಲೋದಷ್ಟು ಸ್ನಾಯು ಹೋಗಿತ್ತು. ನಮ್ಮಲ್ಲಿ ರೋಗಿ ಅಂದ ಕೂಡಲೇ "ನೀವು ಏಳಬ್ಯಾಡ್ರಿ, ಎಲ್ಲಾ ಇಲ್ಲೇ ತಂದುಕೊಡ್ತೀವಿ" ಅನ್ನುತ್ತೇವಲ್ಲ, ಆ ಉಪಚಾರ ಕಾಲಿನ ಕಸುವನ್ನು ತಿನ್ನುತ್ತದೆ. ಕಾಕಾ ಪಡಸಾಲೆಯ ಕುರ್ಚಿಯಿಂದ ದಿನಾ ಎದ್ದು ಕೂತು ಮಾಡಿದರು. ಓಣಿಯ ತುದಿಯ ಗುಡಿಯವರೆಗೆ ನಡೆದರು. ಕಾಕು ಬರೆಯುತ್ತಿದ್ದ ಮೀನಖಂಡದ ಅಳತೆ ಇಳಿಯುವುದು ನಿಂತಿತು, ಆಪರೇಷನ್ನಿನ ಹೊತ್ತಿಗೆ ಒಂದು ಸೆಂಟಿಮೀಟರ್ ಏರಿತ್ತು.

ಆಪರೇಷನ್ ಆದ ಮೇಲಿನ ತೂಕ

ಈಗ ಕಾಕಾ ಮನೆಯಲ್ಲಿದ್ದಾರೆ. ಸಣ್ಣ ಕರುಳಿನ ಒಂದು ತುಂಡು ತೆಗೆದು, ಕಿಡ್ನಿಯಿಂದ ಬರುವ ನಾಳಗಳನ್ನು ಅದಕ್ಕೆ ಜೋಡಿಸಿ, ಹೊಟ್ಟೆಯ ಬಲಗಡೆ ಹೊರಗೆ ಬಾಯಿ ಮಾಡಿದ್ದಾರೆ. ಅದರ ಮೇಲೆ ಚೀಲ ಅಂಟಿಸುತ್ತಾರೆ. ಇಲ್ಲಿಗೆ ತೂಕದ ಚಿಂತೆ ಮುಗಿಯಿತು ಅಂದುಕೊಂಡಿದ್ದರು ಕಾಕು. ಆದರೆ ಹೊಟ್ಟೆಯ ಆಕಾರದ ಮೇಲೆಯೇ ಆ ಚೀಲ ನಿಲ್ಲುವುದು. ಮೈ ಸೊರಗಿದರೆ ಬಾಯಿಯ ಸುತ್ತ ಚರ್ಮ ಮಡಿಕೆಯಾಗಿ ಸೋರುತ್ತದೆ. ಹೊಟ್ಟೆ ಬೆಳೆದರೂ ಬಾಯಿ ಒಳಕ್ಕೆ ಎಳೆದುಕೊಂಡು ಸೋರುತ್ತದೆ, ಪಕ್ಕದಲ್ಲಿ ಹರ್ನಿಯಾ ಆಗುವ ಭಯವೂ ಜಾಸ್ತಿ. ಬೊಜ್ಜಿರುವವರಿಗೆ ಈ ಆಪರೇಷನ್ ಉದ್ದ ಆಗುತ್ತದೆ, ಗಾಯಕ್ಕೆ ಸೋಂಕು ತಗಲುವುದೂ ಹೆಚ್ಚು. ಅವರು ಆಪರೇಷನ್ನಿಗೆ ಮೊದಲು ಒಮ್ಮೆ ಕೂತು, ಒಮ್ಮೆ ನಿಂತು, ಚೀಲದ ಜಾಗ ತಮ್ಮ ಕಣ್ಣಿಗೆ ಕಾಣುತ್ತದಾ ಅಂತ ನೋಡಿ ಗುರುತು ಹಾಕಿಸಿಕೊಳ್ಳಬೇಕು. ಹೊಟ್ಟೆಯ ಕೆಳಗೆ ಮರೆಯಾದ ಜಾಗದಲ್ಲಿ ಬಾಯಿ ಬಂದರೆ ಆಮೇಲೆ ಚೀಲ ಬದಲಿಸಲು ಬೇರೆಯವರ ಕೈ ಕಾಯಬೇಕಾಗುತ್ತದೆ.

ಕಾಕಾ ಹಸಿವು ಮರಳಿದ ಮೇಲೆ ಬೇಗ ಬೇಗ ತೂಕ ಏರಿಸಿಕೊಂಡರು. ಎಲ್ಲರಿಗೂ ಖುಷಿ. ಆಮೇಲೆ ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು. ಕಾಕಾ ಯಾರಿಗೂ ಹೇಳದೆ ತಾವೇ ಚಾದರ ಒಗೆದು ಹಿತ್ತಲಲ್ಲಿ ಹಾಕುತ್ತಿದ್ದರು. ಚೀಲ ನೋಡಿಕೊಳ್ಳುವ ನರ್ಸ್ ಒಬ್ಬರು ಹೊಟ್ಟೆಯ ಮಡಿಕೆ ನೋಡಿ, ಒಳಕ್ಕೆ ಒತ್ತುವ ಉಬ್ಬು ಬಿಲ್ಲೆಯ ಚೀಲ ಕೊಟ್ಟು, ಸೊಂಟಕ್ಕೆ ಬೆಲ್ಟ್ ಹಾಕಿಸಿದರು. ಸೋರುವುದು ನಿಂತಿತು. ಈ ಸಲ ತೂಕ ಇಳಿಸುವುದು ಹೇಗೆ ಅಂತ ಕಾಕಾ ಕೇಳಿದಾಗ ಡಾಕ್ಟರು ಕೊಟ್ಟ ಉತ್ತರ ಮೊದಲಿನದಲ್ಲ. ರಾತ್ರಿ ಊಟ ಬಿಡಬೇಡಿ, ಕಾಳು ಮೊಸರು ಮೊಟ್ಟೆ ಹಾಗೇ ಇರಲಿ, ಅನ್ನ ಮತ್ತು ಕರಿದದ್ದು ಕಡಿಮೆ ಮಾಡಿ, ತಿಂಗಳಿಗೆ ಒಂದು ಕಿಲೋಕ್ಕಿಂತ ಜಾಸ್ತಿ ಇಳಿದರೆ ನನಗೆ ಫೋನ್ ಮಾಡಿ. ಕರುಳು ಕಡಿಮೆಯಾಗಿರುವುದರಿಂದ ವರ್ಷಕ್ಕೊಮ್ಮೆ ಬಿ12 ಪರೀಕ್ಷೆ ಮಾಡಿಸಿ ಅಂತಲೂ ಬರೆದಿದ್ದಾರೆ. ಹೋದ ವಾರ ಹೋದಾಗ ಕಾಕಾ 64 ಕಿಲೋ ಇದ್ದರು, ಮೀನಖಂಡ 34ಕ್ಕೆ ಬಂದಿದೆ. ಮುಂದಿನ ಸ್ಕ್ಯಾನ್ ಬರುವ ತಿಂಗಳು. ಅದರಲ್ಲಿ ಕ್ಯಾನ್ಸರ್ ಇದೆಯಾ ಅಂತ ಕೇಳುವ ಜೊತೆಗೆ, ಬೆನ್ನಿನ ಸ್ನಾಯು ಹೇಗಿದೆ ಅಂತಲೂ ಕೇಳಲು ಕಾಕು ಈಗಲೇ ಚೀಟಿ ಬರೆದಿಟ್ಟಿದ್ದಾರೆ.